ಲ್ಯಾಪ್‌ಟಾಪ್‌ಗೆ ಹೊಂದುವ ಎಸ್‌ಎಸ್‌ಡಿ ಆರಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್‌ಗೆ ಬದಲಾಗಿ ಚಿಪ್‌ಗಳಲ್ಲೇ ಕಡತ ಇಡುವ ವೇಗದ ಸಂಗ್ರಹ ಸಾಧನ) ಕೊಳ್ಳಲು ಹೊರಟವರ ಮೊದಲ ಪ್ರಶ್ನೆ ಸಾಮಾನ್ಯವಾಗಿ ‘ಯಾವ ಕಂಪನಿಯದು ಒಳ್ಳೆಯದು?’ ಎಂಬುದೇ. ಆ ಪ್ರಶ್ನೆಯ ಸರದಿ ಬರುವುದು ಕೊನೆಗೆ. ಮೊದಲು ತಿಳಿಯಬೇಕಾದದ್ದು ನಿಮ್ಮ ಲ್ಯಾಪ್‌ಟಾಪ್ ಯಾವುದನ್ನು ಒಪ್ಪುತ್ತದೆ ಎಂಬುದನ್ನು. ಸ್ಲಾಟ್ ಯಾವ ಬಗೆಯದು, ಆ ಸ್ಲಾಟ್‌ಗೆ ಬಂದಿರುವ ಸಂಪರ್ಕ ಸಾಟಾ ಎಂಬ ಹಳೆಯ ಬಗೆಯದೋ ಎನ್‌ವಿಎಂಇ ಎಂಬ ಹೆಚ್ಚು ವೇಗದ ಬಗೆಯದೋ, ಎಷ್ಟು ಉದ್ದದ ಕಾರ್ಡ್ ಕೂರುತ್ತದೆ, ಎಷ್ಟು ದಪ್ಪಕ್ಕೆ ಜಾಗವಿದೆ: ಈ ನಾಲ್ಕರಲ್ಲಿ ಒಂದು ತಪ್ಪಿದರೂ ಎಂಥ ಒಳ್ಳೆಯ ಡ್ರೈವ್ ತಂದರೂ ಉಪಯೋಗವಿಲ್ಲ. ಕೆಳಗಿನ ಪ್ರಶ್ನೆಗಳನ್ನು ಹೆಚ್ಚುಕಡಿಮೆ ಇದೇ ಕ್ರಮದಲ್ಲಿ ಜೋಡಿಸಿದ್ದೇವೆ.

ಲ್ಯಾಪ್‌ಟಾಪ್ ಬಿಚ್ಚದೆ ಒಳಗೆ ಯಾವ ಡ್ರೈವ್ ಇದೆ ಎಂದು ತಿಳಿಯಬಹುದೇ?

ಬಹುಮಟ್ಟಿಗೆ ತಿಳಿಯಬಹುದು. ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಪರ್ಫಾರ್ಮೆನ್ಸ್ ಪುಟದಲ್ಲಿ ಡಿಸ್ಕ್ ಮೇಲೆ ಕ್ಲಿಕ್ ಮಾಡಿದರೆ ಅದು ಹಾರ್ಡ್ ಡಿಸ್ಕೋ ಎಸ್‌ಎಸ್‌ಡಿಯೋ ಎಂಬುದೂ ಬಲಗಡೆ ಮೇಲ್ಭಾಗದಲ್ಲಿ ಡ್ರೈವ್‌ನ ಮಾದರಿ ಸಂಖ್ಯೆಯೂ ಕಾಣುತ್ತವೆ. ಇದಕ್ಕಿಂತ ಹೆಚ್ಚಿನ ವಿವರ ಬೇಕಿದ್ದರೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಿ. ಅದರ ‘ಟ್ರಾನ್ಸ್‌ಫರ್ ಮೋಡ್’ ಸಾಲಿನಲ್ಲಿ ಎರಡು ಮೌಲ್ಯಗಳಿದ್ದು, ನಡುವೆ ಒಂದು ನಿಲುಗೆರೆ ಇರುತ್ತದೆ. ಮೊದಲನೆಯದು ಸಂಪರ್ಕ ಈಗ ಓಡುತ್ತಿರುವ ವೇಗ, ಎರಡನೆಯದು ಡ್ರೈವ್‌ಗೆ ಸಾಧ್ಯವಿರುವ ವೇಗ. ಅಲ್ಲಿ ‘ಸಾಟಾ 300 | ಸಾಟಾ 600’ ಎಂದಿದ್ದರೆ ಡ್ರೈವ್ ವೇಗವಾಗಿದ್ದರೂ ಲ್ಯಾಪ್‌ಟಾಪಿನ ಪೋರ್ಟ್ ಹಳೆಯದು. ‘ಪಿಸಿಐಇ 3.0 x2 | ಪಿಸಿಐಇ 3.0 x4’ ಎಂದಿದ್ದರೆ ಡ್ರೈವ್‌ಗೆ ನಾಲ್ಕು ಲೇನ್ ಬೇಕಿದ್ದರೂ ಸಿಕ್ಕಿರುವುದು ಎರಡೇ. ಪಿಸಿಐಇ ಎಂದರೆ ಎನ್‌ವಿಎಂಇ ಡ್ರೈವ್‌ನ ದತ್ತಾಂಶ ಸಾಗುವ ಹಾದಿ, 3.0 ಅದರ ತಲೆಮಾರು, ಲೇನ್ ಅದರ ಒಂದೊಂದು ಸಾಲು. ಈ ಒಂದು ಸಾಲು ಎಷ್ಟೋ ಅನುಮಾನಗಳನ್ನು ಅಲ್ಲೇ ಬಗೆಹರಿಸುತ್ತದೆ.

ಆದರೆ ಈಗಿರುವ ಡ್ರೈವ್‌ನಿಂದ ಗೊತ್ತಾಗುವುದು ಅದು ಕೂತಿರುವ ಜಾಗದ ವಿಷಯ ಮಾತ್ರ. ಖಾಲಿ ಬಿದ್ದಿರುವ ಇನ್ನೊಂದು ಸ್ಲಾಟ್ ಇದೆಯೋ ಇಲ್ಲವೋ, ಇದ್ದರೆ ಯಾವ ಬಗೆಯದು ಎಂಬುದನ್ನು ತಿಳಿಯಲು ತಯಾರಕರ ಸರ್ವಿಸ್ ಮ್ಯಾನ್ಯುಯಲ್ ಬೇಕು. ಲ್ಯಾಪ್‌ಟಾಪಿನ ಅಡಿಯಲ್ಲಿ ಅಂಟಿಸಿರುವ ಚೀಟಿಯಲ್ಲಿರುವ ಪೂರ್ತಿ ಮಾದರಿ ಸಂಖ್ಯೆ ಹಾಕಿ ಹುಡುಕಿ. ಮುಚ್ಚಳದ ಮೇಲಿನ ಹೆಸರನ್ನು ನೆಚ್ಚಬೇಡಿ. ಒಂದೇ ಹೆಸರಿನಲ್ಲಿ ಬರುವ ಲ್ಯಾಪ್‌ಟಾಪ್‌ಗಳ ಮದರ್‌ಬೋರ್ಡ್ ವರ್ಷದಿಂದ ವರ್ಷಕ್ಕೆ, ಪ್ರೊಸೆಸರ್‌ನಿಂದ ಪ್ರೊಸೆಸರ್‌ಗೆ ಬದಲಾಗುತ್ತದೆ.

ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟು ಬಗೆಯ ಎಸ್‌ಎಸ್‌ಡಿ ಇರುತ್ತವೆ?

ಹಾರ್ಡ್ ಡಿಸ್ಕ್ ಇದ್ದ ಜಾಗದಲ್ಲೇ ಕೂರುವ 2.5 ಇಂಚಿನ ಸಾಟಾ ಡ್ರೈವ್ ಒಂದು ಬಗೆ. ಸುಮಾರು 51 ಮಿ.ಮೀ. ಉದ್ದ, 30 ಮಿ.ಮೀ. ಅಗಲದ ಎಂಸಾಟಾ ಇನ್ನೊಂದು. ಇದು ಹಳೆಯ ಲ್ಯಾಪ್‌ಟಾಪ್‌ಗಳಲ್ಲಷ್ಟೇ ಸಿಗುತ್ತದೆ. ಈಗ ಎಲ್ಲೆಡೆ ಇರುವುದು ಚೂಯಿಂಗ್ ಗಮ್ ಪಟ್ಟಿಯಂಥ ಎಂ.2 ಕಾರ್ಡ್. ಇದರಲ್ಲಿ ಸಾಟಾ ಮತ್ತು ಎನ್‌ವಿಎಂಇ ಎಂಬ ಎರಡು ಜಾತಿ. ಇವಲ್ಲದೆ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಸಂಗ್ರಹದ ಚಿಪ್ ಮದರ್‌ಬೋರ್ಡ್‌ಗೇ ಬೆಸುಗೆಯಾಗಿರುತ್ತದೆ. ಅಗ್ಗದ ಮಾದರಿಗಳ ಇಎಂಎಂಸಿ ಈ ಬಗೆಯದು, ಅದನ್ನು ಬದಲಿಸಲು ಬರುವುದಿಲ್ಲ. ಇಎಂಎಂಸಿ ಇದೆ ಎಂದ ಕೂಡಲೇ ಆಸೆ ಬಿಡಬೇಡಿ, ಮ್ಯಾನ್ಯುಯಲ್ ನೋಡಿ. ಅಂಥ ಕೆಲವು ಬೋರ್ಡ್‌ಗಳಲ್ಲಿ ಖಾಲಿ ಎಂ.2 ಸ್ಲಾಟ್ ಇರುತ್ತದೆ.

ಎಂ.2 ಅಂದರೆ ಎನ್‌ವಿಎಂಇ ತಾನೆ?

ಅಲ್ಲ. ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಎಂ.2 ಎಂಬುದು ಕಾರ್ಡಿನ ಆಕಾರದ ಹೆಸರು, ಎನ್‌ವಿಎಂಇ ಅದು ಮಾತಾಡುವ ಭಾಷೆ. ಅದೇ ಆಕಾರದಲ್ಲಿ ಸಾಟಾ ಮಾತಾಡುವ ಕಾರ್ಡ್‌ಗಳೂ ಇವೆ. ಎಂ.2 ಆಕಾರದಲ್ಲಿ ಬಂದರೂ ಸಾಟಾ ಡ್ರೈವ್‌ನ ವೇಗ ಸೆಕೆಂಡಿಗೆ ಸುಮಾರು 550 ಎಂಬಿ ದಾಟುವುದಿಲ್ಲ.

ಕಾರ್ಡನ್ನು ಕೈಯಲ್ಲಿ ಹಿಡಿದು, ಚಿನ್ನದ ಬಣ್ಣದ ಸಂಪರ್ಕ ಪಟ್ಟಿಗಳಿರುವ ಅಂಚನ್ನು ನೋಡಿ. ಅಲ್ಲಿ ಕತ್ತರಿಸಿದಂಥ ಕಚ್ಚು ಕಾಣುತ್ತದೆ. ಒಂದೇ ಕಚ್ಚಿದ್ದು, ಅದರಾಚೆ ಮೇಲ್ಮೈಯಲ್ಲಿ ಐದು ಪಟ್ಟಿ ಉಳಿದಿದ್ದರೆ ಅದು ಎಂ-ಕೀ. ಎನ್‌ವಿಎಂಇ ಕಾರ್ಡ್‌ಗಳು ಬಹುತೇಕ ಹೀಗೇ ಇರುತ್ತವೆ. ಕಚ್ಚು ಇನ್ನೊಂದು ತುದಿಯಲ್ಲಿದ್ದು ಅದರಾಚೆ ಮೇಲ್ಮೈಯಲ್ಲಿ ಆರು ಪಟ್ಟಿ ಉಳಿದಿದ್ದರೆ ಬಿ-ಕೀ. ಎರಡೂ ಕಡೆ ಕಚ್ಚಿದ್ದರೆ ಬಿ ಮತ್ತು ಎಂ ಎರಡಕ್ಕೂ ಕೂರುವ ಕಾರ್ಡ್. ಸಾಟಾ ಕಾರ್ಡ್‌ಗಳು ಹೆಚ್ಚಾಗಿ ಈ ಎರಡು ಕಚ್ಚಿನವೇ. ಎರಡು ಲೇನ್‌ಗಳ ಕೆಲವು ಎನ್‌ವಿಎಂಇ ಕಾರ್ಡ್‌ಗಳಿಗೂ ಎರಡು ಕಚ್ಚಿರುತ್ತವೆ. ಹಾಗಾಗಿ ಕಚ್ಚು ನೋಡಿ ಊಹಿಸಿ, ಚೀಟಿ ಓದಿ ಖಚಿತಪಡಿಸಿಕೊಳ್ಳಿ.

ಸ್ಲಾಟ್ ವಿಷಯದಲ್ಲಿ ಈ ಊಹೆಯೂ ಕೆಲಸಕ್ಕೆ ಬಾರದು. ಎಂ-ಕೀ ಸ್ಲಾಟ್ ಒಂದು ಬೋರ್ಡಿನಲ್ಲಿ ಎನ್‌ವಿಎಂಇಗೆ ಮಾತ್ರ, ಇನ್ನೊಂದರಲ್ಲಿ ಸಾಟಾಗೆ ಮಾತ್ರ, ಮತ್ತೊಂದರಲ್ಲಿ ಎರಡಕ್ಕೂ ಇರಬಹುದು. ನೋಡಲು ಮೂರೂ ಒಂದೇ. ಸಾಟಾ ಮಾತ್ರ ಬರುವ ಸ್ಲಾಟಿನಲ್ಲಿ ಎನ್‌ವಿಎಂಇ ಕಾರ್ಡ್ ಸಲೀಸಾಗಿ ಕೂತುಬಿಡುತ್ತದೆ, ಸ್ಕ್ರೂ ಸಹ ಬಿಗಿಯಬಹುದು, ಆದರೆ ಬಯಾಸ್‌ಗೆ (ಆನ್ ಮಾಡಿದೊಡನೆ ವಿಂಡೋಸ್‌ಗೂ ಮೊದಲು ಓಡುವ ತಂತ್ರಾಂಶ) ಅದು ಕಾಣುವುದೇ ಇಲ್ಲ. ಇದರಿಂದ ಏನೂ ಸುಟ್ಟುಹೋಗುವುದಿಲ್ಲ, ಕೆಲಸವೂ ಆಗುವುದಿಲ್ಲ.

2280, 2242, 2230 ಈ ಅಂಕಿಗಳ ಅರ್ಥವೇನು?

ಮೊದಲ ಎರಡು ಅಂಕಿ ಅಗಲ, ಉಳಿದದ್ದು ಉದ್ದ, ಎರಡೂ ಮಿಲಿಮೀಟರ್‌ನಲ್ಲಿ. 2280 ಅಂದರೆ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ. ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವುದು ಇದೇ. ತೆಳು ಲ್ಯಾಪ್‌ಟಾಪ್‌ಗಳಲ್ಲಿ 2242 ಮತ್ತು 2230 ಸಿಗುತ್ತವೆ. 2260 ಮತ್ತು 22110 ಅಪರೂಪ.

ಸ್ಲಾಟಿನ ಬಾಯಿಯಿಂದ ಸ್ಕ್ರೂ ಕೂರುವ ಪುಟ್ಟ ಕಂಬದವರೆಗಿನ ದೂರವೇ ಉದ್ದವನ್ನು ತೀರ್ಮಾನಿಸುತ್ತದೆ. 2242ಕ್ಕೆ ಮಾಡಿದ ಜಾಗದಲ್ಲಿ 2280 ಕೂರುವುದಿಲ್ಲ, ಮುಂದೆ ಬ್ಯಾಟರಿಯೋ ಫ್ಯಾನೋ ಅಡ್ಡ ಬರುತ್ತದೆ. ಇದಕ್ಕೆ ವಿರುದ್ಧವಾದದ್ದು ಸಾಧ್ಯ. 2280 ಜಾಗದಲ್ಲಿ ಚಿಕ್ಕ ಕಾರ್ಡ್ ಕೂರಿಸಲು ಉದ್ದ ಹೆಚ್ಚಿಸುವ ಬ್ರಾಕೆಟ್ ಸಿಗುತ್ತದೆ. ಕೆಲವು ಬೋರ್ಡ್‌ಗಳಲ್ಲಿ ಕಂಬವನ್ನೇ ಬಿಚ್ಚಿ ಇನ್ನೊಂದು ರಂಧ್ರಕ್ಕೆ ಹಾಕಬಹುದು. ಯಾವುದೂ ಇಲ್ಲವೆಂದು ಕಾರ್ಡನ್ನು ಸ್ಕ್ರೂ ಇಲ್ಲದೆ ಬಿಡಬೇಡಿ. ಎಂ.2 ಸ್ಲಾಟ್‌ಗೆ ಸ್ಪ್ರಿಂಗ್ ಗುಣವಿದೆ, ಕಾರ್ಡಿನ ತುದಿ ಓರೆಯಾಗಿ ಮೇಲೇಳುತ್ತದೆ. ಗಮ್ ಟೇಪ್ ಹಾಕಿ ಒತ್ತಿದರೂ ಬಿಸಿಗೆ ಅಂಟು ಸಡಿಲವಾಗಿ, ಒಂದು ದಿನ ಡ್ರೈವ್ ಇದ್ದಕ್ಕಿದ್ದಂತೆ ಕಾಣೆಯಾಗುತ್ತದೆ.

ಒಂದು ಬದಿ, ಎರಡು ಬದಿ ಎಂದರೇನು?

ಚಿಪ್‌ಗಳು ಕಾರ್ಡಿನ ಮೇಲ್ಬದಿಯಲ್ಲಷ್ಟೇ ಇದ್ದರೆ ಒಂದು ಬದಿಯದು, ಕೆಳಗೂ ಇದ್ದರೆ ಎರಡು ಬದಿಯದು. ತೆಳು ಲ್ಯಾಪ್‌ಟಾಪ್‌ನಲ್ಲಿ ಕಾರ್ಡಿಗೂ ಮದರ್‌ಬೋರ್ಡಿಗೂ ನಡುವೆ ಅಂತರ ತೀರಾ ಕಡಿಮೆ. ಅಲ್ಲಿ ಎರಡು ಬದಿಯ ಕಾರ್ಡ್ ಹಾಕಿ ಸ್ಕ್ರೂ ಬಿಗಿದರೆ ಕಾರ್ಡ್ ಬಿಲ್ಲಿನಂತೆ ಬಾಗುತ್ತದೆ. ಮೊದಮೊದಲು ಕೆಲಸ ಮಾಡಿದರೂ ದಿನಕಳೆದಂತೆ ಬೆಸುಗೆ ಬಿರುಕುಬಿಡುವ ಅಪಾಯವಿದೆ. ವಿವರಪಟ್ಟಿಯಲ್ಲಿ ಎಸ್3 ಎಂದಿದ್ದರೆ ಒಂದು ಬದಿ, ಡಿ3 ಎಂದಿದ್ದರೆ ಎರಡು ಬದಿ. ಒಂದೇ ಮಾದರಿಯ 1 ಟಿಬಿ ಡ್ರೈವ್ ಒಂದು ಬದಿಯದಾಗಿದ್ದು 4 ಟಿಬಿ ಎರಡು ಬದಿಯದಾಗಿರುವುದುಂಟು. ಆದ್ದರಿಂದ ನೀವು ಕೊಳ್ಳುವ ಸಾಮರ್ಥ್ಯದ ವಿವರವನ್ನೇ ನೋಡಿ. ತೆಳು ಲ್ಯಾಪ್‌ಟಾಪ್‌ಗೆ ಕಣ್ಣುಮುಚ್ಚಿ ಒಂದು ಬದಿಯದನ್ನೇ ತೆಗೆದುಕೊಳ್ಳಿ.

ಲ್ಯಾಪ್‌ಟಾಪ್‌ನಲ್ಲಿ ಪಿಸಿಐಇ 3.0 ಇದೆ. 4.0 ಡ್ರೈವ್ ಹಾಕಬಹುದೇ?

ಹಾಕಬಹುದು. ಹೊಸದು ಹಳೆಯದರೊಂದಿಗೆ ಹೊಂದಿಕೊಂಡು, ಹಳೆಯದರ ವೇಗದಲ್ಲಿ ಓಡುತ್ತದೆ. ಹಳೆಯ ಡ್ರೈವ್ ಹೊಸ ಸ್ಲಾಟಿನಲ್ಲೂ ಓಡುತ್ತದೆ. ನಾಲ್ಕು ಲೇನ್‌ಗಳಿದ್ದಾಗ 3.0ದಲ್ಲಿ ಸೆಕೆಂಡಿಗೆ ಸುಮಾರು 3,500 ಎಂಬಿ, 4.0ದಲ್ಲಿ ಸುಮಾರು 7,000 ಎಂಬಿ, 5.0ದಲ್ಲಿ ಸುಮಾರು 14,000 ಎಂಬಿವರೆಗೆ ಹೋಗುತ್ತದೆ. ಎರಡೇ ಲೇನ್‌ಗಳಿದ್ದರೆ ಇದರ ಅರ್ಧ.

ದಿನನಿತ್ಯದ ಕೆಲಸದಲ್ಲಿ 3.0ಕ್ಕೂ 4.0ಕ್ಕೂ ವ್ಯತ್ಯಾಸ ಗೊತ್ತಾಗುವುದು ಕಷ್ಟ. ಕಂಪ್ಯೂಟರ್ ಆನ್ ಆಗುವಾಗ, ಬ್ರೌಸರ್ ತೆರೆಯುವಾಗ ಡ್ರೈವ್ ಓದುವುದು ಸಾವಿರಾರು ಪುಟ್ಟ ಪುಟ್ಟ ತುಣುಕುಗಳನ್ನು. ಅಲ್ಲಿ ಪೆಟ್ಟಿಗೆಯ ಮೇಲೆ ಅಚ್ಚಾದ ದೊಡ್ಡ ಅಂಕಿ ಕೆಲಸಕ್ಕೆ ಬರುವುದಿಲ್ಲ. ದೊಡ್ಡ ವಿಡಿಯೋ ಫೈಲುಗಳನ್ನು ದಿನವಿಡೀ ಅತ್ತಿತ್ತ ಸಾಗಿಸುವವರಿಗೆ 4.0 ಉಪಯೋಗಕ್ಕೆ ಬರುತ್ತದೆ. 5.0 ಡ್ರೈವ್‌ಗಳು ಹೆಚ್ಚು ವಿದ್ಯುತ್ ಎಳೆದು ಹೆಚ್ಚು ಬಿಸಿಯಾಗುತ್ತವೆ. ಲ್ಯಾಪ್‌ಟಾಪ್ ಅದಕ್ಕೆಂದೇ ತಯಾರಾಗಿರದಿದ್ದರೆ ಅವುಗಳ ತಂಟೆಗೆ ಹೋಗಬೇಡಿ.

‘ಗರಿಷ್ಠ 512 ಜಿಬಿ’ ಎಂದು ವಿವರಪಟ್ಟಿಯಲ್ಲಿದೆ. 1 ಅಥವಾ 2 ಟಿಬಿ ಹಾಕಿದರೆ ನಡೆಯುತ್ತದೆಯೇ?

ಸಾಮಾನ್ಯವಾಗಿ ನಡೆಯುತ್ತದೆ. ಆ ಅಂಕಿ ಹೆಚ್ಚಿನ ಸಲ ಕಂಪನಿ ಆ ಕಾಲಕ್ಕೆ ಪರೀಕ್ಷಿಸಿ ಮಾರಿದ ಅತಿ ದೊಡ್ಡ ಡ್ರೈವ್‌ನದು, ಯಂತ್ರದ ಮಿತಿಯಲ್ಲ. ನಿಜವಾದ ಮಿತಿ ಬರುವುದು ಹಳೆಯ ಲೆಗಸಿ ಬಯಾಸ್ ಮತ್ತು ಡಿಸ್ಕನ್ನು ವಿಭಾಗಿಸುವ ಹಳೆಯ ಪದ್ಧತಿಯಾದ ಎಂಬಿಆರ್‌ನಿಂದ. ಎಂಬಿಆರ್‌ಗೆ ಸುಮಾರು 2 ಟಿಬಿಗಿಂತ ಆಚೆ ಎಣಿಕೆ ಬರುವುದಿಲ್ಲ. ಇವೆರಡರ ಹೊಸ ರೂಪಗಳಾದ ಯುಇಎಫ್‌ಐ ಮತ್ತು ಜಿಪಿಟಿ ಇರುವ ಯಂತ್ರದಲ್ಲಿ ಈ ತೊಡಕಿಲ್ಲ. ಉದ್ದ ಮತ್ತು ದಪ್ಪದ ಮಿತಿ ಮಾತ್ರ ನಿಜವಾದದ್ದು, ಅದನ್ನು ಮರೆಯಬೇಡಿ.

ಹತ್ತು ವರ್ಷ ಹಳೆಯ ಲ್ಯಾಪ್‌ಟಾಪ್, ಹಾರ್ಡ್ ಡಿಸ್ಕ್ ಇದೆ. ಎಸ್‌ಎಸ್‌ಡಿಗೆ ದುಡ್ಡು ಹಾಕುವುದು ಸಾರ್ಥಕವೇ?

ಖಂಡಿತ. ಹಳೆಯ ಲ್ಯಾಪ್‌ಟಾಪ್‌ಗೆ ಮಾಡಬಹುದಾದ ಉಪಕಾರಗಳಲ್ಲಿ ಇದಕ್ಕಿಂತ ದೊಡ್ಡದಿಲ್ಲ. ಹಾರ್ಡ್ ಡಿಸ್ಕ್‌ನ ತಲೆ ತಟ್ಟೆಯ ಮೇಲೆ ಸರಿಯಾದ ಜಾಗ ಹುಡುಕಲು ಹತ್ತು ಮಿಲಿಸೆಕೆಂಡಿನ ಆಸುಪಾಸು ತೆಗೆದುಕೊಂಡರೆ ಎಸ್‌ಎಸ್‌ಡಿಗೆ ಒಂದು ಮಿಲಿಸೆಕೆಂಡಿನ ಹತ್ತನೇ ಒಂದು ಭಾಗ ಸಾಕು. ಪೋರ್ಟ್ ಹಳೆಯ ಸಾಟಾ 2 ಆಗಿದ್ದು ವೇಗ ಸೆಕೆಂಡಿಗೆ 270 ಎಂಬಿ ಆಸುಪಾಸಿನಲ್ಲಿ ನಿಂತರೂ ಈ ಲಾಭ ಎಲ್ಲಿಗೂ ಹೋಗುವುದಿಲ್ಲ.

ದಪ್ಪ ಗಮನಿಸಿ. 2.5 ಇಂಚಿನ ಎಸ್‌ಎಸ್‌ಡಿಗಳು ಸಾಮಾನ್ಯವಾಗಿ 7 ಮಿ.ಮೀ. ದಪ್ಪ. ಹಳೆಯ ಲ್ಯಾಪ್‌ಟಾಪ್‌ಗಳ ಖಾನೆ 9.5 ಮಿ.ಮೀ.ಗೆ ಮಾಡಿದ್ದು. ಅಲ್ಲಿ ಉಳಿಯುವ 2.5 ಮಿ.ಮೀ. ತುಂಬಲು ಪ್ಲಾಸ್ಟಿಕ್ ಚೌಕಟ್ಟು ಸಿಗುತ್ತದೆ. ಅದಿಲ್ಲದೆ ಡ್ರೈವ್ ಅಲುಗಾಡಿದರೆ ಕನೆಕ್ಟರ್ ಸವೆಯುತ್ತದೆ. ಹಳೆಯ ಡಿಸ್ಕ್‌ಗೆ ಕಟ್ಟಿದ ಲೋಹದ ತೊಟ್ಟಿಲನ್ನೂ ಅದರ ನಾಲ್ಕು ಸ್ಕ್ರೂಗಳನ್ನೂ ಎಸೆಯಬೇಡಿ, ಹೊಸದಕ್ಕೂ ಅವೇ ಬೇಕು.

ಹಳೆಯದನ್ನು ತೆಗೆಯದೆ ಎರಡನೇ ಡ್ರೈವ್ ಹಾಕಬಹುದೇ?

ಜಾಗವಿದ್ದರೆ ಹಾಕಬಹುದು. ಡಿವಿಡಿ ಡ್ರೈವ್ ಇರುವ ಲ್ಯಾಪ್‌ಟಾಪ್‌ನಲ್ಲಿ ಅದನ್ನು ತೆಗೆದು, ಆ ಜಾಗದಲ್ಲಿ ಡಿಸ್ಕ್ ಹಿಡಿಸುವ ಕ್ಯಾಡಿ ಎಂಬ ಚೌಕಟ್ಟು ಹಾಕುವುದು ಹಳೆಯ ದಾರಿ. ಕ್ಯಾಡಿಯಲ್ಲಿ 9.5 ಮತ್ತು 12.7 ಮಿ.ಮೀ. ಎಂಬ ಎರಡು ದಪ್ಪಗಳಿವೆ, ನಿಮ್ಮ ಡಿವಿಡಿ ಡ್ರೈವ್ ಅಳೆದೇ ಕೊಳ್ಳಿ. ಎಸ್‌ಎಸ್‌ಡಿಯನ್ನು ಮುಖ್ಯ ಖಾನೆಗೂ ಹಳೆಯ ಹಾರ್ಡ್ ಡಿಸ್ಕನ್ನು ಕ್ಯಾಡಿಗೂ ಹಾಕಿ, ಏಕೆಂದರೆ ಡಿವಿಡಿ ಕಡೆಯ ಪೋರ್ಟ್ ಎಷ್ಟೋ ಯಂತ್ರಗಳಲ್ಲಿ ನಿಧಾನದ್ದು.

ಎಡವುವ ಇನ್ನೊಂದು ಜಾಗ ಇಲ್ಲಿದೆ. ಕೆಲವು ಮಾದರಿಗಳು ಎರಡು ಗಾತ್ರದ ಬ್ಯಾಟರಿಯೊಂದಿಗೆ ಬರುತ್ತವೆ. ದೊಡ್ಡ ಬ್ಯಾಟರಿ ಇದ್ದರೆ 2.5 ಇಂಚಿನ ಡ್ರೈವ್ ಕೂರಬೇಕಾದ ಜಾಗವನ್ನು ಅದೇ ನುಂಗಿರುತ್ತದೆ. ಚಿಕ್ಕ ಬ್ಯಾಟರಿ ಇದ್ದು ಜಾಗ ಖಾಲಿ ಇದ್ದರೂ ಡ್ರೈವ್‌ನಿಂದ ಬೋರ್ಡ್‌ಗೆ ಹೋಗುವ ತೆಳು ಪಟ್ಟಿ ಕೇಬಲ್ ಮತ್ತು ಬ್ರಾಕೆಟ್ ಒಳಗಿರುವುದಿಲ್ಲ. ಅವೆರಡನ್ನೂ ಆ ಮಾದರಿಯದೇ ನೋಡಿ ಬೇರೆಯಾಗಿ ತರಿಸಬೇಕು. ಡ್ರೈವ್ ಕೊಳ್ಳುವ ಮೊದಲು ಅಡಿಭಾಗ ಬಿಚ್ಚಿ ಒಮ್ಮೆ ನೋಡಿಬಿಡುವುದು ಮೇಲು.

ವೈಫೈ ಕಾರ್ಡ್ ಇರುವ ಸ್ಲಾಟಿಗೆ ಎಸ್‌ಎಸ್‌ಡಿ ಹಾಕಬಹುದೇ?

ಬೇಡ. ಅದು ಎ ಅಥವಾ ಇ-ಕೀ, ಕಚ್ಚು ಬೇರೆ ಕಡೆ ಇದೆ. ಸಿಮ್ ಮೋಡೆಮ್‌ಗೆಂದು ಇರುವ ಬಿ-ಕೀ ಸ್ಲಾಟ್ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ 2242 ಎಸ್‌ಎಸ್‌ಡಿಯನ್ನೂ ಒಪ್ಪುತ್ತದೆ. ಆ ನಿರ್ದಿಷ್ಟ ಮಾದರಿಯ ಮ್ಯಾನ್ಯುಯಲ್ ಹೇಳಿದರೆ ಮಾತ್ರ ಪ್ರಯತ್ನಿಸಿ.

ಡಿರ್‍ಯಾಮ್, ಟಿಎಲ್‌ಸಿ, ಕ್ಯೂಎಲ್‌ಸಿ, ಟಿಬಿಡಬ್ಲ್ಯು: ಇವುಗಳಲ್ಲಿ ಯಾವುದನ್ನು ನೋಡಬೇಕು?

ಹೊಂದಾಣಿಕೆ ಖಚಿತವಾದ ಮೇಲೆ ನೋಡಬೇಕಾದ ಮೊದಲ ಪದ ಟಿಎಲ್‌ಸಿ. ಫ್ಲ್ಯಾಶ್ ಚಿಪ್ಪಿನ ಒಂದು ಕೋಶದಲ್ಲಿ ಮೂರು ಬಿಟ್ ಇಟ್ಟರೆ ಟಿಎಲ್‌ಸಿ, ನಾಲ್ಕು ಇಟ್ಟರೆ ಕ್ಯೂಎಲ್‌ಸಿ. ಬಿಟ್ ಹೆಚ್ಚಿದಷ್ಟೂ ಬರೆಯುವುದು ನಿಧಾನ, ಸವೆತವೂ ಬೇಗ. ಎರಡೂ ಬಗೆಯ ಡ್ರೈವ್‌ಗಳು ಒಂದಷ್ಟು ಜಾಗವನ್ನು ತಾತ್ಕಾಲಿಕವಾಗಿ ಒಂದೇ ಬಿಟ್‌ನಂತೆ ಬಳಸಿ ವೇಗ ತೋರಿಸುತ್ತವೆ. ಆ ಜಾಗ ತುಂಬಿದ ಮೇಲೆ ಅಸಲಿ ವೇಗ ಹೊರಬೀಳುತ್ತದೆ. ಅರ್ಧಕ್ಕಿಂತ ಹೆಚ್ಚು ತುಂಬಿದ ಕ್ಯೂಎಲ್‌ಸಿ ಡ್ರೈವ್‌ಗೆ 200 ಜಿಬಿ ವಿಡಿಯೋ ನಕಲಿಸಲು ಹಚ್ಚಿದರೆ ಆರಂಭದ ಓಟ ನಿಂತು, ಹಾರ್ಡ್ ಡಿಸ್ಕಿನ ವೇಗಕ್ಕೆ ಇಳಿಯುವುದನ್ನು ಪರದೆಯ ಮೇಲೇ ಕಾಣಬಹುದು. ಓದುವ ಕೆಲಸವೇ ಹೆಚ್ಚಿರುವ ಎರಡನೇ ಡ್ರೈವ್ ಆಗಿ ಕ್ಯೂಎಲ್‌ಸಿ ಸಾಕು. ವಿಂಡೋಸ್ ಕೂರುವ ಮುಖ್ಯ ಡ್ರೈವ್‌ಗೆ ಟಿಎಲ್‌ಸಿಯೇ ಇರಲಿ.

ಡಿರ್‍ಯಾಮ್ ಎಂಬುದು ಯಾವ ಕಡತ ಎಲ್ಲಿದೆ ಎಂಬ ನಕ್ಷೆಯನ್ನು ಇಟ್ಟುಕೊಳ್ಳಲು ಡ್ರೈವ್‌ನಲ್ಲೇ ಇರುವ ನೆನಪು. ಅದಿಲ್ಲದ ಎನ್‌ವಿಎಂಇ ಡ್ರೈವ್‌ಗಳು ಲ್ಯಾಪ್‌ಟಾಪಿನ ರ್‍ಯಾಮ್‌ನಲ್ಲಿ ಚೂರು ಜಾಗ ಎರವಲು ಪಡೆಯುತ್ತವೆ. ಇದಕ್ಕೆ ಹೋಸ್ಟ್ ಮೆಮೊರಿ ಬಫರ್ ಎನ್ನುತ್ತಾರೆ. ಈಚಿನ ಒಳ್ಳೆಯ ಡ್ರೈವ್‌ಗಳಲ್ಲಿ ಈ ಏರ್ಪಾಡು ಚೆನ್ನಾಗಿ ನಡೆಯುತ್ತದೆ, ವಿದ್ಯುತ್ತನ್ನೂ ಉಳಿಸುತ್ತದೆ. ಆದ್ದರಿಂದ ಡಿರ್‍ಯಾಮ್ ಇಲ್ಲವೆಂಬ ಒಂದೇ ಕಾರಣಕ್ಕೆ ಎನ್‌ವಿಎಂಇ ಡ್ರೈವನ್ನು ತಳ್ಳಿಹಾಕಬೇಡಿ. ಸಾಟಾ ಡ್ರೈವ್‌ಗೆ ಎರವಲಿನ ಈ ದಾರಿ ಇಲ್ಲ. ಅಲ್ಲಿ ಡಿರ್‍ಯಾಮ್ ಇದ್ದರೆ ಒಳ್ಳೆಯದು.

ಟಿಬಿಡಬ್ಲ್ಯು ಎಂದರೆ ಖಾತರಿ ಅವಧಿಯಲ್ಲಿ ಎಷ್ಟು ಟೆರಾಬೈಟ್ ಬರೆಯಬಹುದು ಎಂಬ ಲೆಕ್ಕ. 1 ಟಿಬಿಯ ಟಿಎಲ್‌ಸಿ ಡ್ರೈವ್‌ಗಳಿಗೆ 600 ಎಂಬ ಅಂಕಿ ಸಾಮಾನ್ಯ. ದಿನಕ್ಕೆ 30 ಜಿಬಿ ಬರೆದರೂ 600 ಟಿಬಿ ಮುಗಿಯಲು 20,000 ದಿನ, ಅಂದರೆ ಸುಮಾರು 55 ವರ್ಷ ಬೇಕು. ಮನೆ, ಕಚೇರಿ ಬಳಕೆಯವರು ಈ ಅಂಕಿಗೆ ತಲೆಕೆಡಿಸಿಕೊಳ್ಳಬೇಕಿಲ್ಲ. ಖಾತರಿ ಮೂರು ವರ್ಷವೋ ಐದು ವರ್ಷವೋ ಎಂದು ನೋಡಿದರೆ ಸಾಕು.

ಹೀಟ್‌ಸಿಂಕ್ ಇರುವ ಡ್ರೈವ್ ಕೊಳ್ಳಬೇಕೇ?

ಬೇಡ. ಅವು ಡೆಸ್ಕ್‌ಟಾಪ್‌ಗೆ ಮಾಡಿದವು, ಹಾಕಿದರೆ ಲ್ಯಾಪ್‌ಟಾಪಿನ ಅಡಿಮುಚ್ಚಳ ಮುಚ್ಚುವುದಿಲ್ಲ. ಹಳೆಯ ಕಾರ್ಡಿನ ಮೇಲೆ ಕಂಪನಿಯವರೇ ಹಾಕಿದ ತೆಳು ಲೋಹದ ಹೊದಿಕೆ ಅಥವಾ ಮೆತ್ತನೆಯ ಥರ್ಮಲ್ ಪ್ಯಾಡ್ ಇದ್ದರೆ ಅದನ್ನು ಹೊಸ ಕಾರ್ಡಿಗೆ ವರ್ಗಾಯಿಸಿ. ಹೊಸ ಕಾರ್ಡಿನ ಚೀಟಿಯನ್ನು ಕೀಳಲು ಹೋಗಬೇಡಿ, ಖಾತರಿ ಹೋಗಬಹುದು. ಎಷ್ಟೋ ಸಲ ಆ ಚೀಟಿಯೇ ಶಾಖ ಹರಡುವ ತೆಳು ತಾಮ್ರದ ಹಾಳೆಯಾಗಿರುತ್ತದೆ.

ಹಳೆಯದನ್ನು ಕ್ಲೋನ್ ಮಾಡಬೇಕೋ, ವಿಂಡೋಸ್ ಹೊಸದಾಗಿ ಹಾಕಬೇಕೋ?

ವಿಂಡೋಸ್ ಚೆನ್ನಾಗಿ ಓಡುತ್ತಿದ್ದು, ಹಾಕಿಕೊಂಡ ತಂತ್ರಾಂಶಗಳು ಹಲವಿದ್ದರೆ ಕ್ಲೋನ್ ಮಾಡಿ, ಅಂದರೆ ಹಳೆಯ ಡ್ರೈವ್‌ನಲ್ಲಿರುವುದನ್ನೆಲ್ಲ ಇದ್ದಂತೆಯೇ ಹೊಸದಕ್ಕೆ ನಕಲಿಸಿ. ಹಳೆಯ ಡಿಸ್ಕ್ ದೋಷ ತೋರಿಸುತ್ತಿದ್ದರೆ ಅಥವಾ ವಿಂಡೋಸ್ ಈಗಾಗಲೇ ತಕರಾರು ಮಾಡುತ್ತಿದ್ದರೆ ಹೊಸದಾಗಿ ಹಾಕಿ. ಹೊಸ ಪರವಾನಗಿ ಬೇಕೆಂಬ ಭಯ ಬೇಡ. ಡಿಜಿಟಲ್ ಪರವಾನಗಿ ಮುಖ್ಯವಾಗಿ ಮದರ್‌ಬೋರ್ಡ್‌ಗೆ ಅಂಟಿಕೊಂಡಿರುತ್ತದೆ, ಡ್ರೈವ್ ಬದಲಿಸಿದರೆ ಹೋಗುವುದಿಲ್ಲ. ಇನ್‌ಸ್ಟಾಲ್ ಮಾಡಲು 8 ಜಿಬಿಯ ಪೆನ್‌ಡ್ರೈವ್ ಸಾಕು.

ಕ್ಲೋನ್ ಮಾಡುವುದಾದರೆ ಮೊದಲು ಮುಖ್ಯ ಕಡತಗಳನ್ನು ಬೇರೆಡೆ ನಕಲು ಮಾಡಿಟ್ಟುಕೊಳ್ಳಿ. ಡ್ರೈವ್‌ನಲ್ಲಿರುವುದನ್ನು ಗೂಢಲಿಪಿಯಲ್ಲಿಡುವ (ಎನ್‌ಕ್ರಿಪ್ಶನ್) ವಿಂಡೋಸ್‌ನ ಬಿಟ್‌ಲಾಕರ್ ಆನ್ ಇದೆಯೇ ನೋಡಿ. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಬಳಕೆದಾರರಿಗೆ ತಿಳಿಯದಂತೆಯೇ ಅದು ಆನ್ ಆಗಿರುತ್ತದೆ. ಅದರ 48 ಅಂಕಿಗಳ ರಿಕವರಿ ಕೀ ಬರೆದಿಟ್ಟುಕೊಂಡು, ಎನ್‌ಕ್ರಿಪ್ಶನ್ ಆಫ್ ಮಾಡಿ, ಪೂರ್ತಿ ಬಿಚ್ಚಿಕೊಳ್ಳುವವರೆಗೆ ಕಾಯಿರಿ. ಹೊಸ ಡ್ರೈವನ್ನು ಹೊರಗಿನಿಂದ ಜೋಡಿಸಲು ಯುಎಸ್‌ಬಿ ಎನ್‌ಕ್ಲೋಶರ್ ಎಂಬ ಪುಟ್ಟ ಪೆಟ್ಟಿಗೆ ಬೇಕು. ಅದರಲ್ಲೂ ಸಾಟಾಗೆ ಮಾತ್ರ, ಎನ್‌ವಿಎಂಇಗೆ ಮಾತ್ರ, ಎರಡಕ್ಕೂ ಎಂದು ಮೂರು ಬಗೆ. ಹೊಸ ಡ್ರೈವ್ ಹಳೆಯದಕ್ಕಿಂತ ಚಿಕ್ಕದಾಗಿದ್ದರೆ ಬಳಸಿರುವ ಜಾಗ ಅದರಲ್ಲಿ ಹಿಡಿಸಬೇಕು, ತಂತ್ರಾಂಶಕ್ಕೂ ವಿಭಾಗಗಳನ್ನು ಕುಗ್ಗಿಸಲು ಬರಬೇಕು. ಕ್ಲೋನ್ ಮುಗಿದ ಮೇಲೆ ಮೊದಲ ಸಲ ಆನ್ ಮಾಡುವಾಗ ಹೊಸ ಡ್ರೈವ್ ಒಂದೇ ಒಳಗಿರಲಿ. ಎರಡೂ ಇದ್ದರೆ ಒಂದೇ ಗುರುತಿನ ಎರಡು ಡಿಸ್ಕ್ ಕಂಡು ವಿಂಡೋಸ್ ಗಲಿಬಿಲಿಗೊಳ್ಳುತ್ತದೆ.

ಹೊಸ ಡ್ರೈವ್ ದೊಡ್ಡದಾಗಿದ್ದರೂ ಸಿ ಡ್ರೈವ್ ಹಿಗ್ಗದಿದ್ದರೆ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ನೋಡಿ. ಸಿ ವಿಭಾಗಕ್ಕೂ ಖಾಲಿ ಜಾಗಕ್ಕೂ ನಡುವೆ ರಿಕವರಿ ವಿಭಾಗ ಕೂತಿರುತ್ತದೆ. ಕ್ಲೋನ್ ತಂತ್ರಾಂಶದಲ್ಲೇ ಅದನ್ನು ಕೊನೆಗೆ ಸರಿಸಿ ಮತ್ತೆ ಕ್ಲೋನ್ ಮಾಡುವುದು ಸುಲಭದ ದಾರಿ.

ಕೂರಿಸುವ ಕ್ರಮ ಯಾವುದು?

1. ಲ್ಯಾಪ್‌ಟಾಪನ್ನು ಪೂರ್ತಿ ಶಟ್‌ಡೌನ್ ಮಾಡಿ, ಸ್ಲೀಪ್ ಅಲ್ಲ. ವಿಂಡೋಸ್‌ನ ಫಾಸ್ಟ್ ಸ್ಟಾರ್ಟ್‌ಅಪ್ ಆನ್ ಇದ್ದರೆ ಶಿಫ್ಟ್ ಒತ್ತಿ ಹಿಡಿದು ಶಟ್‌ಡೌನ್ ಕ್ಲಿಕ್ ಮಾಡಿ. ಚಾರ್ಜರ್ ಕಿತ್ತಿಡಿ. ಥಿಂಕ್‌ಪ್ಯಾಡ್‌ನಂಥ ಮಾದರಿಗಳ ಬಯಾಸ್‌ನಲ್ಲಿ ಒಳಬ್ಯಾಟರಿಯನ್ನು ನಿಷ್ಕ್ರಿಯಗೊಳಿಸುವ ಆಯ್ಕೆಯಿದೆ, ಅದನ್ನು ಬಳಸಿ.

2. ಅಡಿಯ ಸ್ಕ್ರೂಗಳನ್ನು ಬಿಚ್ಚಿ. ಹೆಚ್ಚಿನವಕ್ಕೆ ಪಿಎಚ್0 ಅಥವಾ ಪಿಎಚ್00 ಸ್ಕ್ರೂಡ್ರೈವರ್ ಸಾಕು, ಕೆಲವಕ್ಕೆ ಟಾರ್ಕ್ಸ್ ಟಿ5. ಬಿಚ್ಚಿದ ಸ್ಕ್ರೂಗಳನ್ನು ಹಾಳೆಯ ಮೇಲೆ ಅವು ಇದ್ದ ಜಾಗದಂತೆಯೇ ಜೋಡಿಸಿಡಿ. ಮುಂಭಾಗದವು ಗಿಡ್ಡ, ಹಿಂಜ್ ಬಳಿಯವು ಉದ್ದ ಇರುವುದುಂಟು. ಉದ್ದದ್ದನ್ನು ಗಿಡ್ಡದರ ಜಾಗಕ್ಕೆ ಹಾಕಿ ತಿರುಗಿಸಿದರೆ ಅಂಗೈ ಇಡುವ ಜಾಗದಲ್ಲಿ ಮೇಲ್ಮೈ ಉಬ್ಬಿ ಏಳುತ್ತದೆ.

3. ರಬ್ಬರ್ ಕಾಲುಗಳ ಕೆಳಗೂ ಸ್ಕ್ರೂ ಅಡಗಿರಬಹುದು. ಎಲ್ಲ ತೆಗೆದ ಮೇಲೂ ಮುಚ್ಚಳ ಒಂದು ಕಡೆ ಜಗ್ಗದಿದ್ದರೆ ಬಲ ಹಾಕಬೇಡಿ, ಅಲ್ಲೊಂದು ಸ್ಕ್ರೂ ಉಳಿದಿದೆ ಎಂದೇ ಅರ್ಥ. ಅಂಚಿನಲ್ಲಿ ತೆಳು ಪ್ಲಾಸ್ಟಿಕ್ ಚೂರು ತೂರಿಸಿ ಕ್ಲಿಪ್‌ಗಳನ್ನು ಒಂದೊಂದಾಗಿ ಬಿಡಿಸಿ. ಲೋಹದ ಸಲಕರಣೆ ಬೇಡ.

4. ಬ್ಯಾಟರಿ ಕನೆಕ್ಟರ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಮೈಯ ಸ್ಥಾಯಿ ವಿದ್ಯುತ್ ಹೋಗಲು ಬಣ್ಣ ಬಳಿಯದ ಲೋಹವೊಂದನ್ನು ಮುಟ್ಟಿ.

5. ಹಳೆಯ ಕಾರ್ಡಿನ ಸ್ಕ್ರೂ ತೆಗೆದರೆ ಕಾರ್ಡ್ ತಾನಾಗಿ ಓರೆಯಾಗಿ ಏಳುತ್ತದೆ, ಅದೇ ಕೋನದಲ್ಲಿ ಎಳೆಯಿರಿ. ಹೊಸದನ್ನು ಸುಮಾರು 30 ಡಿಗ್ರಿ ಓರೆಯಲ್ಲಿ, ಕಚ್ಚು ಹೊಂದಿಸಿ, ಪೂರ್ತಿ ಒಳಹೋಗುವವರೆಗೆ ತಳ್ಳಿ. ಆಮೇಲೆ ತುದಿಯನ್ನು ಕೆಳಗೆ ಒತ್ತಿ ಸ್ಕ್ರೂ ಹಾಕಿ. ಈ ಸ್ಕ್ರೂ ಸಾಮಾನ್ಯವಾಗಿ ಎಂ2 (2 ಮಿ.ಮೀ. ವ್ಯಾಸ) ಅಳತೆಯದು, 2ರಿಂದ 3 ಮಿ.ಮೀ. ಉದ್ದ. ಬಿಗಿಯಾದ ಕೂಡಲೇ ನಿಲ್ಲಿಸಿ.

ಖಾಲಿ ಸ್ಲಾಟಿನಲ್ಲಿ ಈ ಪುಟ್ಟ ಸ್ಕ್ರೂ ಇಲ್ಲದಿರುವುದು ಸಾಮಾನ್ಯ. ಡ್ರೈವ್‌ನ ಪೆಟ್ಟಿಗೆಯಲ್ಲೂ ಎಷ್ಟೋ ಸಲ ಬರುವುದಿಲ್ಲ. ಮೊದಲೇ ತರಿಸಿಟ್ಟುಕೊಳ್ಳಿ.

ವಿಂಡೋಸ್ ಇನ್‌ಸ್ಟಾಲ್ ಮಾಡುವಾಗ ‘ಯಾವ ಡ್ರೈವೂ ಸಿಗಲಿಲ್ಲ’ ಎನ್ನುತ್ತಿದೆ. ಡ್ರೈವ್ ಕೆಟ್ಟಿದೆಯೇ?

ಬಯಾಸ್‌ನಲ್ಲಿ ಡ್ರೈವ್‌ನ ಹೆಸರು ಕಾಣುತ್ತಿದ್ದರೆ ಕೆಟ್ಟಿಲ್ಲ. ಇಂಟೆಲ್‌ನ 11ನೇ ತಲೆಮಾರಿನಿಂದೀಚಿನ ಹಲವು ಲ್ಯಾಪ್‌ಟಾಪ್‌ಗಳಲ್ಲಿ ವಿಎಂಡಿ ಎಂಬ ವ್ಯವಸ್ಥೆ ಎನ್‌ವಿಎಂಇ ಡ್ರೈವನ್ನು ತನ್ನ ಹಿಂದೆ ಮರೆಮಾಡಿಕೊಂಡಿರುತ್ತದೆ. ವಿಂಡೋಸ್ ಇನ್‌ಸ್ಟಾಲರ್ ಬಳಿ ಅದರ ಡ್ರೈವರ್ ಇಲ್ಲದಿದ್ದರೆ ಡ್ರೈವ್ ಕಾಣಿಸದು. ಲ್ಯಾಪ್‌ಟಾಪ್ ಕಂಪನಿಯ ತಾಣದಿಂದ ಇಂಟೆಲ್ ರ್‍ಯಾಪಿಡ್ ಸ್ಟೋರೇಜ್ ಡ್ರೈವರ್ ಇಳಿಸಿಕೊಂಡು, ಆ ಸಂಕುಚಿತ ಕಡತವನ್ನು ಬಿಚ್ಚಿ, ಪೆನ್‌ಡ್ರೈವ್‌ಗೆ ಹಾಕಿ. ಇನ್‌ಸ್ಟಾಲರ್‌ನಲ್ಲಿ ‘ಲೋಡ್ ಡ್ರೈವರ್’ ಒತ್ತಿ ಆ ಫೋಲ್ಡರ್ ತೋರಿಸಿದರೆ ಡ್ರೈವ್ ಪ್ರತ್ಯಕ್ಷವಾಗುತ್ತದೆ.

ಬಯಾಸ್‌ನಲ್ಲಿ ವಿಎಂಡಿಯನ್ನೇ ಆಫ್ ಮಾಡುವುದು ಇನ್ನೊಂದು ದಾರಿ. ಹೊಸದಾಗಿ ವಿಂಡೋಸ್ ಹಾಕುವವರಿಗೆ ಇದರಿಂದ ತೊಂದರೆಯಿಲ್ಲ. ಆದರೆ ಕ್ಲೋನ್ ಮಾಡಿದ ವಿಂಡೋಸ್ ಇರುವಾಗ ಹೀಗೆ ಬದಲಿಸಿದರೆ ‘ಇನ್‌ಆ್ಯಕ್ಸೆಸಿಬಲ್ ಬೂಟ್ ಡಿವೈಸ್’ ಎಂಬ ನೀಲಿ ಪರದೆ ಬರುತ್ತದೆ. ಆಗ ಸೆಟ್ಟಿಂಗನ್ನು ಮೊದಲಿದ್ದಂತೆ ಮಾಡಿ ವಿಂಡೋಸ್‌ಗೆ ಹೋಗಿ. ಎಂಎಸ್‌ಕಾನ್ಫಿಗ್ ಎಂಬ ವಿಂಡೋಸ್ ಸಾಧನ ತೆರೆದು ಬೂಟ್ ಪುಟದಲ್ಲಿ ‘ಸೇಫ್ ಬೂಟ್’ ಗುರುತು ಹಾಕಿ. ಮರುಚಾಲನೆ ಮಾಡುವಾಗ ಬಯಾಸ್‌ಗೆ ಹೋಗಿ ವಿಎಂಡಿ ಆಫ್ ಮಾಡಿ. ಸೇಫ್ ಮೋಡ್‌ನಲ್ಲಿ ಒಮ್ಮೆ ತೆರೆದುಕೊಂಡ ಮೇಲೆ ಆ ಗುರುತು ತೆಗೆದು ಮತ್ತೆ ಮರುಚಾಲನೆ ಮಾಡಿದರೆ ಸರಿಹೋಗುತ್ತದೆ.

ಬಯಾಸ್‌ಗೇ ಡ್ರೈವ್ ಕಾಣುತ್ತಿಲ್ಲವಲ್ಲ?

ಕಾರ್ಡನ್ನು ತೆಗೆದು ಮತ್ತೆ ಕೂರಿಸಿ. ಅರ್ಧ ಮಿಲಿಮೀಟರ್ ಹೊರಗುಳಿದರೂ ಸಂಪರ್ಕ ತಪ್ಪುತ್ತದೆ. ಆಮೇಲೆ ಬಯಾಸ್ ಅಪ್‌ಡೇಟ್ ಮಾಡಿ ನೋಡಿ. ಅದರಿಂದಲೂ ಆಗದಿದ್ದರೆ ಸಾಟಾ ಸ್ಲಾಟಿಗೆ ಎನ್‌ವಿಎಂಇ ಅಥವಾ ಎನ್‌ವಿಎಂಇ ಸ್ಲಾಟಿಗೆ ಸಾಟಾ ಹಾಕಿದ್ದೀರಾ ಎಂದು ಮ್ಯಾನ್ಯುಯಲ್ ಜೊತೆ ಹೋಲಿಸಿ. ಎನ್‌ಕ್ಲೋಶರ್‌ನಲ್ಲಿಟ್ಟು ಬೇರೆ ಕಂಪ್ಯೂಟರಿಗೆ ಜೋಡಿಸಿದಾಗ ಡ್ರೈವ್ ಕಂಡರೆ ಅದರಲ್ಲಿ ದೋಷವಿಲ್ಲ, ಹೊಂದಾಣಿಕೆಯದೇ ಸಮಸ್ಯೆ.

ಡ್ರೈವ್ ಕಂಡರೂ ಅದರಿಂದ ಬೂಟ್ ಆಗದಿದ್ದರೆ ಹೆಚ್ಚಾಗಿ ಕಾರಣ ಲೆಗಸಿ ಮೋಡ್. ಎನ್‌ವಿಎಂಇಯಿಂದ ಬೂಟ್ ಆಗಲು ಸಾಮಾನ್ಯವಾಗಿ ಯುಇಎಫ್‌ಐ ಮೋಡ್ ಬೇಕು, ಡಿಸ್ಕ್ ಜಿಪಿಟಿಯಲ್ಲಿರಬೇಕು. ಹಳೆಯ ಎಂಬಿಆರ್ ಡಿಸ್ಕನ್ನು ಹಾಗೆಯೇ ಕ್ಲೋನ್ ಮಾಡಿದವರಿಗೆ ಈ ತೊಡಕು ಎದುರಾಗುತ್ತದೆ. ವಿಂಡೋಸ್ 10 ಮತ್ತು 11ರಲ್ಲಿ ದತ್ತಾಂಶ ಅಳಿಸದೆ ಪರಿವರ್ತಿಸುವ ಎಂಬಿಆರ್2ಜಿಪಿಟಿ ಎಂಬ ಸಾಧನ ಇದೆ. ಪರಿವರ್ತಿಸಿದ ಮೇಲೆ ಬಯಾಸ್‌ನಲ್ಲಿ ಯುಇಎಫ್‌ಐ ಆರಿಸಿ.

1 ಟಿಬಿ ಕೊಂಡರೆ 931 ಜಿಬಿ ತೋರಿಸುತ್ತಿದೆ. ಮೋಸವೇ?

ಇಲ್ಲ. ತಯಾರಕರು ಸಾವಿರದ ಲೆಕ್ಕದಲ್ಲೂ ವಿಂಡೋಸ್ 1,024ರ ಲೆಕ್ಕದಲ್ಲೂ ಎಣಿಸುತ್ತಾರೆ. 500 ಜಿಬಿ 465 ಆಗಿ, 512 ಜಿಬಿ 476 ಆಗಿ ಕಾಣುತ್ತದೆ. ಮೋಸ ಬೇರೆ ರೀತಿಯಲ್ಲಿ ಇರುತ್ತದೆ: ನಂಬಲಾಗದಷ್ಟು ಅಗ್ಗಕ್ಕೆ ಸಿಗುವ ಹೆಸರಿಲ್ಲದ ಡ್ರೈವ್‌ಗಳು 2 ಟಿಬಿ ಎಂದು ತೋರಿಸಿಕೊಂಡು ಒಳಗೆ 64 ಜಿಬಿಯಷ್ಟೇ ಇಟ್ಟುಕೊಂಡಿರಬಹುದು. ಅನುಮಾನವಿದ್ದರೆ ಎಚ್2ಟೆಸ್ಟ್‌ಡಬ್ಲ್ಯುನಂಥ ಉಚಿತ ತಂತ್ರಾಂಶದಿಂದ ಪೂರ್ತಿ ಜಾಗ ಬರೆದು ಓದಿಸಿ ನೋಡಿ. ಕಡತಗಳನ್ನು ಹಾಕುವ ಮೊದಲೇ ಈ ಪರೀಕ್ಷೆ ಮಾಡಬೇಕು.

ಮ್ಯಾಕ್‌ಬುಕ್‌ಗೆ ಹಾಕಬಹುದೇ?

ವರ್ಷದ ಮೇಲೆ ಹೋಗುತ್ತದೆ. 2012ರ ರೆಟಿನಾ (ಆ್ಯಪಲ್‌ನ ಹೆಚ್ಚು ಸ್ಪಷ್ಟತೆಯ ಪರದೆ) ಅಲ್ಲದ ಮ್ಯಾಕ್‌ಬುಕ್ ಪ್ರೊಗೆ 2.5 ಇಂಚಿನ ಸಾಟಾ ನೇರ ಕೂರುತ್ತದೆ. ಡ್ರೈವ್ ಬದಲಿಸಿದ ಮೇಲೂ ಅದು ತಡವರಿಸಿದರೆ ಒಳಗಿನ ತೆಳು ಸಾಟಾ ಕೇಬಲ್ ಮೇಲೆ ಅನುಮಾನಪಡಿ. 2013ರ ಕೊನೆಯಿಂದ 2015ರವರೆಗಿನ ರೆಟಿನಾ ಪ್ರೊ ಮತ್ತು 2013ರಿಂದ 2017ರವರೆಗಿನ ಏರ್‌ನಲ್ಲಿ ಆ್ಯಪಲ್‌ನದೇ ಕನೆಕ್ಟರ್ ಇದೆ. ಪುಟ್ಟ ಅಡಾಪ್ಟರ್ ಹಾಕಿ ಎನ್‌ವಿಎಂಇ ಬಳಸಬಹುದು. ಆದರೆ ಹಳೆಯ ಡ್ರೈವ್ ಒಳಗಿರುವಾಗಲೇ ಹೈ ಸಿಯೆರಾ ಅಥವಾ ಅದಕ್ಕಿಂತ ಹೊಸ ಮ್ಯಾಕ್ ಓಎಸ್ ಹಾಕಿರಬೇಕು. ಎನ್‌ವಿಎಂಇ ಗುರುತಿಸುವ ಫರ್ಮ್‌ವೇರ್ ಬರುವುದು ಅದರ ಜೊತೆಗೇ. ಇವುಗಳ ಅಡಿಮುಚ್ಚಳಕ್ಕೆ ಪೆಂಟಲೋಬ್ ಪಿ5, ಡ್ರೈವ್‌ನ ಸ್ಕ್ರೂಗೆ ಟಾರ್ಕ್ಸ್ ಟಿ5 ಬೇಕು. ಆ್ಯಪಲ್‌ನ ಎಂ ಸರಣಿ ಪ್ರೊಸೆಸರ್‌ನ ಮ್ಯಾಕ್‌ಬುಕ್‌ಗಳಲ್ಲಿ ಸಂಗ್ರಹ ಬೋರ್ಡಿಗೇ ಬೆಸುಗೆಯಾಗಿರುವುದರಿಂದ ಈ ದಾರಿ ಮುಚ್ಚಿದೆ. ಹೊರಗಿನ ಯುಎಸ್‌ಬಿ ಎಸ್‌ಎಸ್‌ಡಿಯೇ ಗತಿ.

ತೆಗೆದ ಹಳೆಯ ಡ್ರೈವನ್ನು ಏನು ಮಾಡಲಿ?

ಒಂದು ತಿಂಗಳು ಮುಟ್ಟದೆ ಇಡಿ. ಹೊಸದರಲ್ಲಿ ಯಾವುದಾದರೂ ಕಡತ ಬಂದಿಲ್ಲವೆಂದು ಗೊತ್ತಾಗುವುದು ಬಳಸುತ್ತ ಹೋದಾಗಲೇ. ಆಮೇಲೆ ಎನ್‌ಕ್ಲೋಶರ್‌ಗೆ ಹಾಕಿ ಹೊರಡ್ರೈವ್ ಆಗಿ ಬಳಸಬಹುದು. ಅದು ಎಸ್‌ಎಸ್‌ಡಿಯಾಗಿದ್ದರೆ ಕಪಾಟಿನಲ್ಲಿ ವರ್ಷಗಟ್ಟಲೆ ವಿದ್ಯುತ್ತಿಲ್ಲದೆ ಇಟ್ಟು, ಅದೊಂದನ್ನೇ ಕುಟುಂಬದ ಫೋಟೋಗಳ ಏಕೈಕ ಪ್ರತಿಯಾಗಿ ನೆಚ್ಚಬೇಡಿ. ಫ್ಲ್ಯಾಶ್ ಕೋಶದಲ್ಲಿನ ವಿದ್ಯುದಾವೇಶ ನಿಧಾನವಾಗಿ ಸೋರುತ್ತದೆ, ಚೆನ್ನಾಗಿ ಸವೆದ ಡ್ರೈವ್‌ನಲ್ಲಿ ಇನ್ನೂ ಬೇಗ. ಬೇರೆಯವರಿಗೆ ಕೊಡುವುದಾದರೆ ಫಾರ್ಮ್ಯಾಟ್ ಮಾಡಿದರೆ ಸಾಲದು. ಎಸ್‌ಎಸ್‌ಡಿಗೆ ತಯಾರಕರ ತಂತ್ರಾಂಶದಲ್ಲೋ ಕೆಲವು ಲ್ಯಾಪ್‌ಟಾಪ್‌ಗಳ ಬಯಾಸ್‌ನಲ್ಲೋ ಇರುವ ‘ಸೆಕ್ಯೂರ್ ಇರೇಸ್’ ಬಳಸಿ. ಅದನ್ನು ಒತ್ತುವ ಮುನ್ನ ಪರದೆಯ ಮೇಲಿನ ಮಾದರಿ ಸಂಖ್ಯೆ ಹಳೆಯ ಡ್ರೈವ್‌ನದೇ ಹೌದೇ ಎಂದು ಎರಡು ಸಲ ಓದಿಕೊಳ್ಳಿ.